ಅತ್ತೆಯವರು ಹಾಯಿದೋಣಿ ಹತ್ತಿದ್ದು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ತವರಿನವರೂ ಹೇಳುತ್ತಾರೆ, ಗಂಡನ ಮನೆಯವರೂ ಹೇಳುತ್ತಾರೆ. ತವರು ಜೇವರ್ಗಿ ಕಡೆಯ ಇಜೇರಿ, ಕೊಟ್ಟದ್ದು ಆಳಂದ ತಾಲೂಕಿನ ಒಂದು ಹಳ್ಳಿಗೆ. ಹೋಳಿಗೆಗೆ ಬೆಲ್ಲ ಎಷ್ಟು ಅನ್ನುವುದರಿಂದ ಹಿಡಿದು ಎಲ್ಲದಕ್ಕೂ ತಕರಾರು ತೆಗೆಯುವ ಎರಡೂ ಮನೆಯವರು ಇದೊಂದು ಮಾತಿಗೆ ಮಾತ್ರ ಒಂದಾಗುತ್ತಾರೆ. ಇರಲಿ. ಸಿಟ್ಟು ಇಲ್ಲದಿದ್ದರೆ ಆ ಚಳಿಗಾಲದ ಕೆಲಸ ಆಗುತ್ತಲೇ ಇರಲಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ.

ತೊಂಬತ್ತರ ದಶಕದ ಶುರುವಿನ ಮಾತು. ಆ ವರ್ಷ ದೀಪಾವಳಿಗೆ ನನ್ನನ್ನು ಕರೆದೊಯ್ಯಲು ಅಣ್ಣ ಬಂದಿದ್ದ. ಅವನಿಗೆ ಹೈದರಾಬಾದಿನಲ್ಲಿ ನೌಕರಿ. ರವಿವಾರ ಬಂತೆಂದರೆ ಅಲ್ಲಿನ ದೊಡ್ಡ ಕೆರೆಯಲ್ಲಿ ಗೆಳೆಯರ ಜೊತೆ ಹಾಯಿ ಕಟ್ಟಿದ ಸಣ್ಣ ದೋಣಿ ನಡೆಸುವ ಹುಚ್ಚು. ನಮ್ಮ ಊರಿನ ಪಕ್ಕ ಹೊಸ ಡ್ಯಾಮಿನ ನೀರು ನಿಂತದ್ದನ್ನು ನೋಡಿ ಚಹಾ ಆರುವುದನ್ನೂ ಮರೆತು ನಿಂತ.

‘ತಂಗಿ, ಇಷ್ಟು ನೀರು ಸುಮ್ಮನ ಬಿಟ್ಟೀರಲ್ಲ,’ ಅಂದ.

‘ಸುಮ್ಮನ ಬಿಡದ ಏನ್ ಮಾಡ್ಬೇಕು, ಉಪ್ಪಿನಕಾಯಿ ಹಾಕಬೇಕೇನು?’ ಅಂದೆ.

ಆಮೇಲೆ ಹಕೀಕತ್ತು ಹೊರಬಿತ್ತು. ಇಂಥ ಸಣ್ಣ ದೋಣಿಗಳ ಹುಚ್ಚಿರುವ ಪರದೇಶದ ಮಂದಿ ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಸೇರುತ್ತಾರಂತೆ. ಹಗಲು ದೋಣಿ ನಡೆಸುವುದು, ರಾತ್ರಿ ನೀರಿನ ದಂಡೆಯಲ್ಲೇ ಡೇರೆ ಹಾಕಿ ಮಲಗುವುದು. ಈ ಸಲ ಹೈದರಾಬಾದಿಗೆ ಬರುವವರಿದ್ದರು. ಆದರೆ ಪಟ್ಟಣದ ಗದ್ದಲ ಬೇಡ, ಹಳ್ಳಿಯ ಕಡೆ ಒಂದು ವಾರ ಇರಬೇಕು ಅಂದಿದ್ದರಂತೆ. ‘ಕಚೇರಿ ಪರವಾನಗಿ ನಾ ನೋಡ್ಕೋತೇನಿ, ದೋಣಿ ಲಾರಿಗೆ ಹಾಕ್ಕೊಂಡು ಬರ್ತೇನಿ. ಜಾಗಾ, ಊಟದ ಇಂತಜಾಮ ನಿಂದು,’ ಅಂದ ಅಣ್ಣ. ನಾನಾಗ ಆಳಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿ. ಹುಡುಗಿಯರನ್ನು ಕಟ್ಟಿಕೊಂಡು ಎರಡು ಸಲ ಡೇರೆ ಹೊಡೆದು ಶಿಬಿರ ಮಾಡಿದ್ದೆ ಅನ್ನುವುದೊಂದೇ ನನ್ನ ಯೋಗ್ಯತೆ. ಹೂಂ ಅಂದುಬಿಟ್ಟೆ. ಜಾಗ ಯಾರದು ಅನ್ನುವುದು ಹೂಂ ಅಂದ ಮೇಲೆ ನೆನಪಾಯಿತು.

ನೀರಿನ ದಂಡೆಯ ಭೂಮಿ ನಮ್ಮ ಅತ್ತೆಯವರದು. ದಂಡೆ ಅವರದು, ದಂಡೆಯ ಮುಂದೆ ನೀರೊಳಗಿದ್ದ ಎರೆಹೊಲವೂ ಅವರದೇ ಆಗಿತ್ತು. ಆ ಹೊಲದಲ್ಲಿ, ಹಳ್ಳದ ಮಗ್ಗುಲಿನ ಬೇವಿನ ಗಿಡದ ಕೆಳಗೆ, ನಮ್ಮ ಮಾವನವರ ಗದ್ದುಗೆ ಇತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕುಂತ ಹಾಗೆಯೇ ಕೂಡಿಸಿ ಮಣ್ಣು ಕೊಡುತ್ತೇವೆ. ನೀರು ಬರುತ್ತದೆ ಅಂತ ಗೊತ್ತಾದಾಗ ಊರಿನವರು ತಮ್ಮ ಹಿರಿಯರ ಗದ್ದುಗೆಯಿಂದ ಹಿಡಿಮಣ್ಣು ತೆಗೆದು ಬೇರೆ ಹೊಲಕ್ಕೆ ಒಯ್ದು ಹೊಸ ಗದ್ದುಗೆ ಕಟ್ಟಿದರು. ನಮ್ಮ ಮನೆಯಲ್ಲೂ ಎಲ್ಲ ತಯಾರಾಗಿತ್ತು. ಅತ್ತೆಯವರು ಒಪ್ಪಲಿಲ್ಲ.

‘ಕೂಡಿಸಿದವರನ್ನ ಎಬ್ಬಸಬಾರದು,’ ಅಂದರು. ಅಷ್ಟೇ. ಅವರ ಮಾತಿಗೆ ಎದುರಿಲ್ಲ.

ಆಮೇಲೆ ನೀರು ಏರಿತು. ಪ್ರತಿ ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋಗಿ ಸಜ್ಜೆ ಕಡಬು, ಭಜ್ಜಿ ಉಂಡು ಬೆಳೆಗೂ ಒಂದು ಪಾಲು ಅಂತ ಚರಗ ಚೆಲ್ಲುವಾಗ ಅತ್ತೆ ಒಬ್ಬರೇ ದಂಡೆಯಲ್ಲಿ ನಿಂತು ಒಂದು ತುತ್ತು ನೀರಿಗೆ ಇಡುತ್ತಿದ್ದರು. ಅದು ದಂಡೆಯ ಕೆಸರಲ್ಲೇ ಉಳಿಯುತ್ತಿತ್ತು. ಕಾಗೆ ಬಂದು ತಿನ್ನುತ್ತಿತ್ತು. ‘ಅವರತನಕ ಮುಟ್ಟಂಗಿಲ್ಲ ಬಿಡಬೇ,’ ಅನ್ನುತ್ತ ಮನೆಗೆ ಬರುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಕಾಲಿನ ಕೆಸರು ತೊಳೆಯಲು ನಾನೇ ಅವರಿಗೆ ನೀರು ಹಾಕುತ್ತಿದ್ದೆ. ಅವರು ಅತ್ತೆಯಾಗಿ ನನಗೆ ಕಡಿಮೆ ಕಾಡಿಲ್ಲ. ಆದರೂ ಹಾಕುತ್ತಿದ್ದೆ.

ಜಾಗ ಕೇಳಲು ಹೋದಾಗ ಅವರು ತೊಗರಿ ಹಸನು ಮಾಡುತ್ತ ಕುಂತಿದ್ದರು. ಪರದೇಶದವರ ಕಥೆಯೆಲ್ಲ ಕೇಳಿ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

‘ಆ ದೋಣಿ ನೀರಿನ ನಡುಕ ಹೋಗ್ತಾವೇನು?’

‘ಹೋಗ್ತಾವಂತ್ರಿ.’

‘ಹಂಗಾರ ನನ್ನೂ ಒಂದ್ಸಲ ಒಯ್ಯಬೇಕು. ಅವರು ಕುಂತಲ್ಲಿಗೆ. ಒಯ್ಯೂದಾದ್ರ ಜಾಗಾ ತಗೋರಿ, ಇಲ್ಲಾಂದ್ರ ಇಲ್ಲ.’

ಒಯ್ಯುತ್ತೇನೆ ಅಂತ ನಾನು ಮಾತು ಕೊಟ್ಟೆ.

ಆ ಮೇಲಿನ ದಿನಗಳು ಹೇಗೆ ಹೋದವೋ ಕೇಳಬೇಡಿ. ಆಳಂದದ ಪೆಂಡಾಲಿನವನಿಗೆ ಡೇರೆ ಅಂದರೆ ಅವನು ಮದುವೆಯ ಝಾಲರಿ ಬಿಟ್ಟ ಕೆಂಪು ಬಟ್ಟೆ ತಂದ. ಹೋಗಲಿ, ಅವರ ಡೇರೆ ಅವರೇ ತರುತ್ತಾರೆ, ಇದು ಊಟಕ್ಕೆ ಆಗಲಿ ಅಂತ ಬಿಟ್ಟೆ. ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿಸಿ ಬಚ್ಚಲು ಮಾಡಿಸಿದೆ. ನಮ್ಮ ಯಜಮಾನರಿಗೆ ಹೇಳಿ ಅಫಜಲಪುರದ ಕಡೆಯ ಭೀಮಾ ದಂಡೆಯಿಂದ ಒಬ್ಬ ಅಂಬಿಗನನ್ನು ಹರಿಗೋಲಿನ ಸಮೇತ ಕರೆಸಿದೆ. ಯಾರಾದರೂ ನೀರಿಗೆ ಬಿದ್ದರೆ ಎತ್ತಲು ಒಬ್ಬರು ಬೇಕಲ್ಲ. ಅತ್ತೆಯವರನ್ನು ಇದರಲ್ಲೇ ಒಯ್ದರಾಯಿತು ಅಂತ ಒಂದು ಕ್ಷಣ ಅನಿಸಿತು. ಅಂಬಿಗ ನಡುನೀರಿನ ಕಡೆ ನೋಡಿ ತಲೆ ಅಲ್ಲಾಡಿಸಿದ. ‘ಅಲ್ಲಿ ಗಾಳಿ ಭಾಳ ಅದ್ರಿ ಅಕ್ಕಾರ. ಹರಿಗೋಲು ಬುಗುರಿ ತಿರುಗಿದಂಗ ತಿರುಗ್ತದ. ಅಮ್ಮಾರನ್ನ ಕರಕೊಂಡು ನಾ ಒಲ್ಲೆ.’

ಇನ್ನು ಜಾಗ. ಅಂಬಿಗ, ನಮ್ಮವರು, ನಾನು, ಊರಿನ ನಾಲ್ಕು ಮಂದಿ ಹಿರಿಯರು, ಎಲ್ಲರೂ ಕೂಡಿ ದಂಡೆಯುದ್ದಕ್ಕೂ ಅಡ್ಡಾಡಿದೆವು. ಮೂಡಲ ದಿಕ್ಕಿನಲ್ಲಿ ಒಂದು ದಿಬ್ಬ, ಅದರ ಅಡಿಯಲ್ಲಿ ಮಾವಿನ ಗಿಡಗಳು, ಮುಂದೆ ನೀರು ಹಾಸಿದ ಹಾಗೆ ಇತ್ತು. ಎಲೆ ಬಿದ್ದರೂ ಬಿದ್ದಲ್ಲೇ ನಿಲ್ಲುವಂಥ ನೀರು. ಚಳಿಗಾಲದ ಮೂಡಗಾಳಿ ದಿಬ್ಬದ ಆಚೆಗೇ ತಡೆಯುತ್ತಿತ್ತು. ದೋಣಿಗೆ ಇದಕ್ಕಿಂತ ಬೇಷಾದ ಜಾಗ ಎಲ್ಲಿದೆ ಅಂತ ಎಲ್ಲರೂ ಒಂದೇ ಬಾಯಲ್ಲಿ ಅಂದೆವು. ಮನೆಗೆ ಬಂದವರನ್ನು ಗಾಳಿಗೆ ಕೂಡಿಸುತ್ತೇವೆಯೇ? ಪಡಸಾಲೆಯ ಒಳಗಿನ ಜಾಗ ತೋರಿಸಿ ಕೂತುಕೊಳ್ಳಿ ಅನ್ನುತ್ತೇವೆ. ಹಾಗೆಯೇ ಮಾಡಿದೆವು.

ಸಂಕ್ರಮಣ ಮುಗಿದ ಮೇಲೆ ಅವರು ಬಂದರು. ಲಾರಿಯಲ್ಲಿ ದೋಣಿ, ಹಿಂದೆ ವ್ಯಾನಿನಲ್ಲಿ ಮಂದಿ. ಬಿಸಿಲಿಗೆ ಕೆಂಪಗಾದ ಮುಖಗಳು, ಬೆನ್ನಿಗೆ ಗಂಟು. ಅವರಲ್ಲಿ ಹಿರಿಯಳಾದ ಒಬ್ಬ ಹೆಂಗಸಿದ್ದಳು. ನಮ್ಮ ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರುವಷ್ಟು ಎತ್ತರ. ನಾವು ಆಕೆಯನ್ನು ದೊಡ್ಡಾಕಿ ಅಂದೆವು. ಗಂಡ ತೀರಿದ ಮೇಲೆ ಅವನ ದೋಣಿಯನ್ನು ತಾನೇ ನಡೆಸುತ್ತಾಳೆ ಅಂತ ಅಣ್ಣ ಹೇಳಿದ. ಅದನ್ನು ಕೇಳಿದ್ದೇ ಅತ್ತೆ ಆಕೆಯ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿದರು.

ಮೊದಲ ದಿನ ಹಾಯಿ ಏರಿಸಿದರು. ಬಿಳಿ ಬಟ್ಟೆ ಕೋಲಿಗೆ ಜೋತು ಬಿತ್ತು. ದೋಣಿಗಳು ನೀರಿನ ಮೇಲೆ ಎಮ್ಮೆಗಳ ಹಾಗೆ ನಿಂತವು. ಬೆರಳು ನೆಕ್ಕಿ ಮೇಲೆತ್ತಿ ನೋಡಿದರು, ಆಕಾಶ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ನಾವು ದಂಡೆಯಲ್ಲಿ ಖುಷಿಯಿಂದ ಕುಂತಿದ್ದೆವು, ನೋಡ್ರಿ ನೀರು ಎಷ್ಟು ಶಾಂತ ಅದ ಅಂತ. ಎರಡನೆಯ ದಿನವೂ ಅದೇ. ಮಂದಿ ಒಳ್ಳೆಯವರು, ಒಂದೂ ದೂರು ಹೇಳಲಿಲ್ಲ. ರೊಟ್ಟಿ ಬಡಿಯಲು ಕಲಿತರು, ಶೇಂಗಾ ಹಿಂಡಿ ತಿಂದು ಕಣ್ಣಲ್ಲಿ ನೀರು ತಂದುಕೊಂಡರು, ನನ್ನ ನಾಲ್ಕು ವರ್ಷದ ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ದೋಣಿ ಮಾತ್ರ ನಿಂತಲ್ಲೇ ನಿಂತವು.

ಮೂರನೆಯ ಮುಂಜಾನೆ ಅಣ್ಣ ಮುಖ ಸಣ್ಣದು ಮಾಡಿಕೊಂಡು ಬಂದ. ‘ತಂಗಿ, ತಪ್ಪು ತಿಳೀಬ್ಯಾಡ. ಇಲ್ಲಿ ಗಾಳಿ ಇಲ್ಲ. ಗಾಳಿ ಇಲ್ಲದ ಈ ದೋಣಿ ಹೋಗಂಗಿಲ್ಲ. ನಾಳೆ ಲಾರಿ ಕರಸ್ತೇನಿ, ಹೈದರಾಬಾದಿಗೇ ಹೋಗಿಬಿಡ್ತೇವಿ.’

ನನಗೆ ಮೊದಲು ಅರ್ಥವೇ ಆಗಲಿಲ್ಲ. ‘ಗಾಳಿ ಬೇಕಂತ ಮೊದಲ ಯಾಕ ಹೇಳಲಿಲ್ಲ?’

‘ಹಾಯಿ ದೋಣಿಗೆ ಗಾಳಿ ಬೇಕಂತ ಹೇಳಬೇಕೇನಬೇ?’

‘ಹೇಳಬೇಕು! ನಮ್ಮೂರಾಗ ದೋಣಿ ಅಂದ್ರ ಹರಿಗೋಲು. ಅದಕ ಗಾಳಿ ಅಂದ್ರ ಯಮ. ನೀ ಹೈದರಾಬಾದಿಗೆ ಹೋಗಿ ಶಾಣ್ಯಾ ಆದಿ, ನಾವ್ ಇಲ್ಲೇ ಇದ್ದೇವಿ.’

ಅಣ್ಣನ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ದಿಬ್ಬದ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಭಯ. ಏಕೆಂದರೆ ಅತ್ತೆ ಅಂದು ನಸುಕಿನಲ್ಲೇ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಒಂದು ಅರಿವೆಯಲ್ಲಿ ವಿಭೂತಿ, ಬಿಲ್ವಪತ್ರಿ, ಎರಡು ಕಡಬು ಕಟ್ಟಿಕೊಂಡು ಮಾವಿನ ಗಿಡದ ಕೆಳಗೆ ಬಂದು ಕುಂತಿದ್ದರು. ದಿನಾ ಹಾಗೆ ಬಂದು ಕೂರುತ್ತಿದ್ದರು. ‘ಇವತ್ತ ಹೋಗೂದೇನು?’ ಅಂತ ಕೇಳುತ್ತಿರಲಿಲ್ಲ, ಬರೀ ನನ್ನ ಮುಖ ನೋಡುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಲಾರಿ ಬಂದರೆ ಅವರಿಗೆ ಏನಂತ ಹೇಳಲಿ?

ಸಿಟ್ಟಿಗೆ ಅಡುಗೆಯ ಜಾಗಕ್ಕೆ ಹೋದೆ. ಒಲೆ ಹೊತ್ತಿಸಲು ತಂದಿದ್ದ ತೊಗರಿ ಹೊಟ್ಟಿನ ಚೀಲ ಅಲ್ಲಿತ್ತು. ಅದನ್ನು ಒದ್ದೆ. ಹೊಟ್ಟು ಮೇಲಕ್ಕೆ ಹಾರಿ, ಹಾರಿದಲ್ಲೇ, ನನ್ನ ಕಾಲಿನ ಮೇಲೇ ಬಿತ್ತು. ನಾನು ನೋಡುತ್ತ ನಿಂತೆ. ಒಂದು ಹಿಡಿ ತೆಗೆದು ಮತ್ತೆ ಬಿಟ್ಟೆ. ನೆಟ್ಟಗೆ ಕೆಳಗೆ ಬಿತ್ತು.

ಇಜೇರಿಯಲ್ಲಿ ನಮ್ಮಪ್ಪ ರಾಶಿ ತೂರುವ ಮೊದಲು ಹೀಗೇ ಒಂದು ಹಿಡಿ ಹೊಟ್ಟು ಬಿಟ್ಟು ನೋಡುತ್ತಿದ್ದ. ನೆಟ್ಟಗೆ ಬಿದ್ದರೆ ತೂರಬೇಡಿ ಅನ್ನುತ್ತಿದ್ದ. ಇಂಥ ತಗ್ಗಿನಲ್ಲಿ ಯಾವ ಹುಚ್ಚ ಕಣ ಮಾಡುತ್ತಾನೆ? ಊರಿಗೆ ಊರೇ ಗಾಳಿಯ ಲೆಕ್ಕದಲ್ಲಿ ಕಾಳು ಮನೆಗೆ ತಂದುಕೊಂಡ ಮಂದಿ ನಾವು. ಆದರೆ ದೋಣಿಗೆ ಗಾಳಿ ಬೇಕಾದೀತು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ಓಡಿಹೋಗಿ ಅತ್ತೆಯವರ ಮುಂದೆ ಕುಂತೆ. ‘ಅತ್ತಿ, ಮೊದಲ ನಿಮ್ಮ ರಾಶಿ ಕಣ ಎಲ್ಲಿತ್ರಿ?’

‘ಯಾಕಬೇ?’

‘ಹೇಳ್ರಿ ಜಲ್ದಿ. ದೋಣಿಗೆ ಗಾಳಿ ಬೇಕಂತ.’

ಅವರಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಎಷ್ಟು ನಕ್ಕರೆಂದರೆ ಕೆಮ್ಮು ಬಂತು. ‘ಅಯ್ಯ ನನ್ನ ಶಿವನ, ಬಂದ ಬೀಗರನ್ನ ಗಾಳಿಯಿಲ್ಲದ ಕೋಣ್ಯಾಗ ಕೂಡಿಸಿ ತೂರ್ರಿ ಅಂದಂಗಾತಲ್ಲ.’ ಕೈ ಎತ್ತಿ ಪಡುವಣ ದಂಡೆಯನ್ನು ತೋರಿಸಿದರು. ನೀರೊಳಗೆ ನಾಲಿಗೆಯ ಹಾಗೆ ಚಾಚಿದ ಬೋಳು ಎತ್ತರ. ‘ಅದು ನೋಡು. ಮೂರು ತಲಿಮಾರು ಅಲ್ಲೇ ತೂರೇವಿ. ಅಲ್ಲಿ ಗಾಳಿಗೆ ತಲಿ ಮ್ಯಾಲಿನ ಸೆರಗ ನಿಲ್ಲಂಗಿಲ್ಲ.’

‘ಗಾಳಿ ಬಂದಾಗ ತೂರ್ಕೋ ಅಂತಾರ. ನಾವು ಗಾಳಿ ಇದ್ದಲ್ಲಿಗೆ ಹೋಗೂಣ್ರಿ,’ ಅಂದರು ನಮ್ಮವರು. ಅಪರೂಪಕ್ಕೆ ಅವರೂ ಒಂದು ಬುದ್ಧಿಯ ಮಾತು ಆಡುತ್ತಾರೆ.

ಊರಿನ ಬಂಡಿಗಳು ಬಂದವು. ಡೇರೆ, ಪಾತ್ರೆ, ಹಿಟ್ಟಿನ ಡಬ್ಬಿ, ಝಾಲರಿಯ ಪೆಂಡಾಲು, ಎಲ್ಲ ಬಂಡಿಯ ಮೇಲೆ. ದೋಣಿಗಳನ್ನು ಹರಿಗೋಲಿಗೆ ಕಟ್ಟಿ ದಂಡೆಯ ಗುಂಟ ಎಳೆದುಕೊಂಡು ಹೋದದ್ದು ಅಂಬಿಗ. ಪರದೇಶದ ಗಂಡಸರು ಎತ್ತಿನ ಮುಂದೆ ಹೆದರುತ್ತ, ಬಂಡಿಯ ಹಿಂದೆ ನೂಕುತ್ತ ನಡೆದರು. ಮಧ್ಯಾಹ್ನದ ಹೊತ್ತಿಗೆ ಹಳೆಯ ಕಣದ ಮೇಲೆ ನಿಂತಾಗ ಪೆಂಡಾಲಿನ ಬಟ್ಟೆ ಪಟಪಟ ಹೊಡೆದು ಒಂದು ಮೂಲೆ ಕಿತ್ತುಕೊಂಡೇ ಹೋಯಿತು. ಅಣ್ಣ ನನ್ನ ಕಡೆ ನೋಡಿ ಹಲ್ಲು ಕಿರಿದ. ಹಾಯಿ ಏರಿಸಿದ್ದೇ ತಡ, ಮೊದಲ ದೋಣಿ ಒಂದು ಕಡೆ ವಾಲಿ ನೀರು ಸೀಳಿಕೊಂಡು ಹೊರಟಿತು. ನಮ್ಮ ಊರಿನ ಮಂದಿ ಸೀಟಿ ಹೊಡೆದರು. ನಾನು ಅಳುತ್ತಿದ್ದೆ. ನಮ್ಮವರು ಕಣ್ಣಿಗೆ ಧೂಳು ಬಿತ್ತೇನು ಅಂತ ಕೇಳಿದರು. ಹೌದು ಅಂದೆ.

ಅವರ ದೋಣಿಯಾಟ ಮುಗಿದ ಮೇಲೆ, ಇಳಿಹೊತ್ತಿಗೆ, ದೊಡ್ಡಾಕಿಯ ಹತ್ತಿರ ಹೋಗಿ ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಮಾವನವರನ್ನು ಕೂಡಿಸಿದ್ದು, ಎಬ್ಬಿಸದೆ ಬಿಟ್ಟದ್ದು, ನೀರು ಏರಿದ್ದು. ಆಕೆ ನೀರಿಗೆ ಬಿದ್ದರೂ ತೇಲಿಸುವ ಒಂದು ಕೇಸರಿ ಜಾಕೀಟು ತಂದು ಅತ್ತೆಯವರ ಇಳಕಲ್ ಸೀರೆಯ ಮೇಲೆ ಕಟ್ಟಿದಳು. ಅತ್ತೆ ಕೈ ಎತ್ತಿ ಕಟ್ಟಿಸಿಕೊಂಡರು. ನನಗೂ ಒಂದು ಕಟ್ಟಿದಳು. ಮಗ ತಾನೂ ಬರುತ್ತೇನೆ ಅಂತ ಹಟ ಹಿಡಿದ. ಅವನನ್ನು ಅಪ್ಪನ ಕೈಗೆ ಕೊಟ್ಟು ನಾವು ಮೂವರೂ ಹೊರಟೆವು.

ದೋಣಿ ತಿರುಗುವಾಗ ಹಾಯಿಯ ಕೆಳಗಿನ ಅಡ್ಡಕೋಲು ಆ ಕಡೆಯಿಂದ ಈ ಕಡೆಗೆ ಬರುತ್ತದೆ, ತಲೆ ಬಗ್ಗಿಸಬೇಕು. ಅತ್ತೆ ಬಗ್ಗಿಸಿದರು. ‘ಗೌಡರ ಮುಂದೂ ಬಗ್ಗಿಲ್ಲ ಈ ತಲಿ,’ ಅಂದರು. ಕೈಯಲ್ಲಿ ಗಂಟು ಗಟ್ಟಿಯಾಗಿ ಹಿಡಿದಿದ್ದರು. ಮುಖದ ಮೇಲೆ ಗಾಳಿ ಹೊಡೆಯುತ್ತಿತ್ತು, ಸೆರಗು ಹಿಂದಕ್ಕೆ ಜಾರಿ ಬೆಳ್ಳಗಿನ ಕೂದಲು ಹಾರುತ್ತಿತ್ತು. ಅವರನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ.

ನಡುನೀರಿಗೆ ಬಂದ ಮೇಲೆ ಹುಡುಕಾಟ ಶುರುವಾಯಿತು. ‘ಗುಡ್ಡದ ಗುಡಿ ಎಡಕ ಇರಬೇಕು… ಇನ್ನಷ್ಟು ಆ ಕಡೆ ಅನ್ನು ಆಕಿಗೆ… ಇಲ್ಲ, ಹಳ್ಳದ ಈಚೀ ದಂಡಿ ಇದು…’ ಬೇವಿನ ಗಿಡದ ತುದಿ ಮೊದಲ ವರ್ಷ ನೀರಿನ ಮೇಲೆ ಕಾಣುತ್ತಿತ್ತು, ಆಮೇಲೆ ಅದೂ ಹೋಯಿತು. ಅವರು ಕೈ ತೋರಿಸಿದ ಕಡೆಗೆಲ್ಲ ದೊಡ್ಡಾಕಿ ದೋಣಿ ತಿರುಗಿಸಿದಳು, ಒಮ್ಮೆಯೂ ಬೇಸರಿಸಲಿಲ್ಲ. ಹೊಲದಲ್ಲಿ ನಡೆದು ಗೊತ್ತಿದ್ದ ಕಾಲು ಅವರವು. ನೀರಿನ ಮೇಲೆ ಕುಂತು ಯಾವ ಬದು ಗುರುತು ಸಿಗುತ್ತದೆ?

‘ನನ್ನ ಹೊಲಾ ನನಗ ಸಿಗವಲ್ದಲ್ಲಬೇ,’ ಅಂದರು ಅತ್ತೆ. ‘ಎಲ್ಲಿ ಅದಾರೋ ಏನೋ.’

ಹೊತ್ತು ಮುಳುಗುತ್ತಿತ್ತು. ಗಾಳಿಯೂ ಇಳಿಯಿತು. ಹಾಯಿ ಸಡಿಲಾಗಿ ದೋಣಿ ನಿಂತಿತು. ಇಷ್ಟು ಮಾಡಿಯೂ ಬರಿಗೈಯಲ್ಲಿ ಹಿಂದಿರುಗುವುದೇ? ‘ಇಲ್ಲೇ ಬಿಡ್ರಿ ಅತ್ತಿ, ಎಲ್ಲಾ ಒಂದೇ ನೀರಲ್ರಿ,’ ಅಂದೆ.

‘ಎಲ್ಲಾ ಒಂದೇ ನೀರು ಖರೆ. ಎಲ್ಲಾ ಒಂದೇ ಮನಿಷ್ಯಾ ಅಲ್ಲ,’ ಅಂದರು. ಗಂಟನ್ನು ಮಡಿಲಲ್ಲಿ ಇಟ್ಟುಕೊಂಡರು. ‘ಜಾಗಾ ತಿಳೀಲಿಲ್ಲಂದ್ರ ಕರೀಬೇಕಲ್ಲ,’ ಅಂದರು, ತಮಗೆ ತಾವೇ ಹೇಳಿಕೊಂಡ ಹಾಗೆ.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆ, ಸೀಮಂತದಲ್ಲಿ ಒಡಪು ಕಟ್ಟಿ, ಹೂವು ಹಣ್ಣಿನ ನಡುವೆ ಮರೆಮಾಡಿ ಒಮ್ಮೆ ಹೇಳಿಸುತ್ತಾರೆ, ಅಷ್ಟೇ. ಅತ್ತೆ ಜೀವಮಾನವೆಲ್ಲ ‘ಏನ್ರೀ, ಕೇಳಿದ್ರೇನು’ ಅಂತಲೇ ಕರೆದವರು. ಆದರೆ ಅಷ್ಟು ದೊಡ್ಡ ನೀರಿನಲ್ಲಿ ಏನ್ರೀ ಅಂದರೆ ಯಾರಿಗೆ ಅಂತ ತಿಳಿಯಬೇಕು? ಒಂದು ಕೈಯಲ್ಲಿ ಹಾಯಿಯ ಕಂಬ ಹಿಡಿದು, ಇನ್ನೊಂದು ಕೈ ಬಾಯಿಯ ಹತ್ತಿರ ಇಟ್ಟು, ಅತ್ತೆ ನಮ್ಮ ಮಾವನವರ ಹೆಸರು ಹಿಡಿದು ಕರೆದರು. ಪೂರ್ತಿ ಹೆಸರು, ಪೂರ್ತಿ ದನಿ. ಹೊಲದ ಬುತ್ತಿ ಹೊತ್ತು ಬಂದವಳು ಬದುವಿನಲ್ಲಿ ನಿಂತು ಕರೆದ ಹಾಗೆ. ಆ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಭಾಷೆ ಬಾರದ ದೊಡ್ಡಾಕಿ ಕೂಡ ಚುಕ್ಕಾಣಿ ಬಿಟ್ಟು ಕೈ ಜೋಡಿಸಿದಳು.

ಗಾಳಿ ಇರಲಿಲ್ಲ. ದನಿ ನೀರಿನ ಮೇಲೆ ದೂರ ಹೋಯಿತು.

‘ಓ…’ ಅಂತ ಉತ್ತರ ಬಂತು.

ಅತ್ತೆ ನನ್ನ ಮೊಣಕೈ ಹಿಡಿದರು. ಆಮೇಲೆ ನನಗೆ ತಿಳಿಯಿತು. ಮುತ್ಯಾನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ; ನನ್ನ ಮಗನಿಗೂ ಅದೇ ಹೆಸರು. ಅದು ಗಂಡನ ಹೆಸರಾದ್ದರಿಂದ ಅತ್ತೆ ಅವನನ್ನೂ ಹೆಸರು ಹಿಡಿದು ಕರೆದವರಲ್ಲ, ಮಾಲಕ ಅನ್ನುತ್ತಿದ್ದರು. ಹುಟ್ಟಿದಾಗಿನಿಂದ ಆಯಿಯ, ಅಂದರೆ ಅಜ್ಜಿಯ, ಬಾಯಲ್ಲಿ ತನ್ನ ಹೆಸರು ಕೇಳದ ಕೂಸು ದಂಡೆಯ ಮೇಲೆ ನಿಂತು ಓಗೊಟ್ಟಿತ್ತು. ಅದನ್ನು ಅತ್ತೆಗೆ ಹೇಳಲು ಬಾಯಿ ತೆರೆದೆ. ಅವರಿಗೆ ನನ್ನ ಮಾತು ಬೇಕಾಗಿರಲಿಲ್ಲ. ಅವರಾಗಲೇ ಗಂಟು ಬಿಚ್ಚಿ, ವಿಭೂತಿ, ಪತ್ರಿ, ಕಡಬು, ಒಂದೊಂದಾಗಿ ನೀರಿಗೆ ಬಿಡುತ್ತಿದ್ದರು. ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ದಂಡೆಯಿಂದ ಮತ್ತೆ ದನಿ ಬಂತು, ಈ ಸಲ ಸ್ವಲ್ಪ ಬೇಸರದಿಂದ.

‘ನಾ ಇಲ್ಲೇ ಅದೀನಲ್ಲ ಆಯಿ, ಯಾಕ ಒದರಾಕತ್ತಿ?’